ಬಲದಿಂದ ಎಡಕ್ಕೆ

ಪ್ರೂಫಿನ ಇಪ್ಪತ್ತೇಳನೆಯ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಕೆಂಪು ಪೆನ್ನಿನಿಂದ ಅವಳು ಅದಕ್ಕೆ ಸುತ್ತು ಹಾಕುವಷ್ಟರಲ್ಲಿ ಕೆಳಗೆ ಪ್ರೆಸ್ಸಿನ ಪೇಪರ್ ಕಟಿಂಗ್ ಮೆಷಿನ್ನು ಧಡ್ ಎಂದಿತು. ಪೆನ್ನು ಸಾಲು ದಾಟಿ ಪುಟದ ಅಂಚಿನವರೆಗೂ ಗೀಚಿತು.

ಐದು ತಿಂಗಳಿಂದ ಹೀಗೇ. ದಿನಕ್ಕೆ ಇನ್ನೂರು ಸಲ ಆ ಸದ್ದು, ಇನ್ನೂರು ಸಲವೂ ಅವಳ ಕಣ್ಣಿಗೆ ಕಟ್ಟುವುದು ಅದೇ ಚಿತ್ರ: ಬಿಳಿ ಕಾಗದದ ದಿಂಡು, ಅದರ ಮೇಲೆ ಹರಡುತ್ತಿರುವ ಕೆಂಪು, ಪಕ್ಕದಲ್ಲಿ ಕಟಿಂಗ್ ಮಾಸ್ಟರನ ಬೆಪ್ಪಾದ ಮುಖ. ಅವನ ಬಲಗೈಯ ತೋರುಬೆರಳು, ನಡುಬೆರಳು ಆ ಸಂಜೆ ಹೋದವು. ಮದುವೆಯಾಗಲಿದ್ದ ಅವರಿಬ್ಬರೂ ಕೂಡಿ ಬಾಡಿಗೆ ಮನೆ ನೋಡಲು ಹೋಗಬೇಕಿದ್ದ ಸಂಜೆ. ಬಾಗಿಲಲ್ಲಿ ನಿಂತು, "ಬೇಗ ಮುಗಿಸೋ ಮಹಾರಾಯ" ಎಂದವಳು ಅವಳೇ. ಬಾಯಿ ಮುಚ್ಚುವುದರೊಳಗೆ ಅಲಗು ಇಳಿದಿತ್ತು.

ಅಂದಿನಿಂದ ಅವಳು ಅವನ ಮುಖ ನೋಡಿರಲಿಲ್ಲ. ಅವನು ಕೆಲಸಕ್ಕೆ ಮರಳಿ ಪ್ಯಾಕಿಂಗ್ ಕೋಣೆಯಲ್ಲಿ ಕೂತ ಮೇಲೆ ಹಿಂಬದಿಯ ಮೆಟ್ಟಿಲಲ್ಲೇ ಓಡಾಡುತ್ತಿದ್ದಳು.

"ಪ್ರೂಫ್ ಮೇಡಂನೋರು ಬಿಡುವಾಗಿದ್ದಾರಾ?"

ಬಾಗಿಲಲ್ಲಿ ಅವನ ಅಕ್ಕ. ಕಂಕುಳಲ್ಲಿ ಚೀಲ, ಮುಖದಲ್ಲಿ ಸಿಡಿಯಲು ಕಾದ ಎಣ್ಣೆ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲಮ್ಮ. ಹತ್ತು ಬೆರಳಿದ್ದಾಗ ನನ್ನ ತಮ್ಮ ಬೇಕಾಗಿದ್ದ. ಎಂಟಾದ ಮೇಲೆ ಬೇಡವಾದನಾ? ಎಣಿಸಿ ಪ್ರೀತಿ ಮಾಡೋರನ್ನ ಇದೇ ಮೊದಲು ನೋಡಿದ್ದು ನಾನು."

"ಹಾಗಲ್ಲ ಅಕ್ಕಾ..."

"ಮತ್ತೆ ಹೇಗೆ? ಬೇರೆ ಕಡೆ ಹೆಣ್ಣು ನೋಡಿದ್ದೀನಿ. ಹೂಂ ಅಂತೀಯೋ ಉಹೂಂ ಅಂತೀಯೋ, ಈ ವಾರದೊಳಗೆ ಹೇಳು. ಅಡ್ಡಗೋಡೆ ಮೇಲೆ ದೀಪ ಇಡಬೇಡ."

ನಿಮ್ಮ ತಮ್ಮನ ಬೆರಳು ತಿಂದವಳು ನಾನೇ, ಯಾವ ಬಾಯಲ್ಲಿ ಹೂಂ ಅನ್ನಲಿ? ಹೀಗೆಂದುಕೊಳ್ಳುತ್ತ ಅವಳು ಪ್ರೂಫಿನ ಹಾಳೆಗೆ ಬಗ್ಗಿದಳು. ಅಕ್ಕ ದಡದಡ ಇಳಿದು ಹೋದಳು.

ಮಧ್ಯಾಹ್ನ ಅವಳು ನಾಲ್ಕನೆಯ ಸಲ ಮನಸ್ಸಿನ ಡಾಕ್ಟರಮ್ಮನ ಕೋಣೆಯಲ್ಲಿ ಕೂತಳು. ಮೊದಲ ಸಲ ಆದದ್ದು ರಂಪ. ಇದನ್ನೇ ನೋಡ್ತಾ ಹೋಗಿ ಎಂದು ಡಾಕ್ಟರಮ್ಮ ಎರಡು ಬೆರಳು ಜೋಡಿಸಿ ಕಣ್ಣ ಮುಂದೆ ಆಡಿಸಿದ್ದರು. "ಎರಡು ಬೆರಳಾ? ಬೇರೇನೂ ಸಿಗಲಿಲ್ವಾ ನಿಮಗೆ?" ಎಂದು ಇವಳು ಚಪ್ಪಲಿ ಮೆಟ್ಟಿ ಹೊರಟೇ ಹೋಗಿದ್ದಳು. ಡಾಕ್ಟರಮ್ಮ ಬೇಸರಿಸಿಕೊಳ್ಳಲಿಲ್ಲ. ಮುಂದಿನ ಸಲ ಬಂದಾಗ ಮೇಜಿನ ಮೇಲೆ ಒಂದು ಉದ್ದನೆಯ ಪಟ್ಟಿಯಿತ್ತು. ಅದರಲ್ಲಿ ಹಸಿರು ದೀಪವೊಂದು ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು.

"ನೆನಪನ್ನ ಅಳಿಸೋದಲ್ಲ ಇದು. ಅರ್ಧ ಮನಸ್ಸು ಆ ಸಂಜೆಯಲ್ಲಿರಲಿ, ಅರ್ಧ ಈ ದೀಪದ ಹಿಂದೆ ಓಡಲಿ. ಈಗಲೇ ನಡೀತಿದೆ ಅನ್ನಿಸೋದು, ಎಂದೋ ಮುಗಿದದ್ದು ಅನ್ನಿಸ್ಬೇಕು. ಸಾಕು ಅನ್ನಿಸಿದರೆ ಕೈ ಎತ್ತಿ, ನಿಲ್ಲಿಸೋಣ," ಎಂದು ಡಾಕ್ಟರಮ್ಮ ಇವತ್ತೂ ನೆನಪಿಸಿದರು.

ದೀಪ ಓಡಿತು. ಅರ್ಧ ನಿಮಿಷಕ್ಕೆ ಡಾಕ್ಟರಮ್ಮ ನಕ್ಕರು.

"ಹೋಗುವಾಗ ಸರಿಯಾಗಿ ಹೋಗ್ತೀರಿ. ಬರುವಾಗ ಒಂದೇ ನೆಗೆತಕ್ಕೆ ಎಡಕ್ಕೆ ಹಾರಿ ಬಿಡ್ತೀರಲ್ಲ?"

"ಹದಿನಾಲ್ಕು ವರ್ಷದ ಅಭ್ಯಾಸ ಮೇಡಂ. ಸಾಲು ಮುಗಿದರೆ ಮುಂದಿನ ಸಾಲು."

"ಮುಂದಿನ ಸಾಲು ಬೇಡ. ಇದೇ ಸಾಲಲ್ಲಿ ವಾಪಸ್ ಬನ್ನಿ."

ಎಡದಿಂದ ಬಲಕ್ಕೆ. ಕಾಗದ, ರಕ್ತ, ಅವನ ಮುಖ. ಬಲದಿಂದ ಎಡಕ್ಕೆ. ಮುಖ, ತೋಳು, ಮೆಷಿನ್ನಿನ ಅಂಚು. "ಏನು ಬಂತು?" ಎಂದರು ಡಾಕ್ಟರಮ್ಮ. ಹೇಳಿದಳು. "ಅದರ ಜೊತೆಗೇ ಹೋಗಿ." ಮತ್ತೆ ದೀಪ. ಐದನೆಯ ಸುತ್ತೋ ಆರನೆಯದೋ, ವಾಪಸ್ ಬರುವಾಗ, ಅವಳ ಕಣ್ಣು ನಿಂತಿತು.

ಬಲಗಡೆಯ ಗುಂಡಿ.

ಆ ಮೆಷಿನ್ನಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಅಲಗು ಇಳಿಯಬೇಕು, ಕೈ ಒಳಗೆ ಇರಬಾರದೆಂದೇ ಆ ಏರ್ಪಾಡು. ಬಲಗಡೆಯದನ್ನು ಟೇಪು ಸುತ್ತಿ ಒತ್ತಿಯೇ ಇಟ್ಟಿದ್ದರು. ಟೇಪು ಹೊಸದಲ್ಲ. ಅಂಚೆಲ್ಲ ಕಪ್ಪಾಗಿ, ಧೂಳು ಹಿಡಿದು, ಸುರುಳಿಯೆದ್ದಿತ್ತು. ಅವಳು ಬಾಗಿಲಿಗೆ ಬರುವ ಎಷ್ಟೋ ಕಾಲ ಮೊದಲಿನದು.

"ಏನು ಬಂತು?"

"ಕೋಪ," ಎಂದಳು. ಹಲ್ಲು ಕಚ್ಚಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ. "ಮೈಯೆಲ್ಲ ಉರಿಯೋ ಕೋಪ."

"ಬರಲಿ. ಇಷ್ಟು ದಿನ ತಪ್ಪೆಲ್ಲ ನಿಮ್ಮದೇ ಅಂತ ಕೂತಿದ್ರಿ. ಅದಕ್ಕೆ ಜಾಗವೇ ಇರಲಿಲ್ಲ."

ಡಾಕ್ಟರಮ್ಮ ಉಸಿರು ತಹಬಂದಿಗೆ ತರಿಸಿ, ನೀರು ಕುಡಿಸಿ ಕಳಿಸಿದರು. ಇನ್ನೂ ಕೆಲವು ಸಲ ಬರಬೇಕೆಂದೂ ಹೇಳಿದರು.

ಪ್ರೆಸ್ಸಿಗೆ ಮರಳಿದವಳು ಮುಂಬಾಗಿಲಿನಿಂದಲೇ ಹೋದಳು. ಕಟಿಂಗ್ ಕೋಣೆ ದಾಟುವಾಗ ಅಲಗು ಧಡ್ ಎಂದಿತು. ಚಿತ್ರ ಬಂತು, ಆದರೆ ದೂರದಲ್ಲಿ, ಹಳೇ ಫೋಟೋದ ಹಾಗೆ. ಅವಳ ಕಾಲು ನಿಲ್ಲಲಿಲ್ಲ.

ಪ್ಯಾಕಿಂಗ್ ಕೋಣೆಯಲ್ಲಿ ಅವನು ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ ಪುಸ್ತಕದ ಕಟ್ಟು ಬಿಗಿಯುತ್ತಿದ್ದ. ಅವಳನ್ನು ಕಂಡವನೇ ಬಲಗೈ ಜೇಬಿಗಿಳಿಸಿದ.

"ಆ ಟೇಪು ಯಾವಾಗ ಸುತ್ತಿದ್ದು?"

ಐದು ತಿಂಗಳ ನಂತರದ ಮೊದಲ ಮಾತು. ದಾರ ಬಾಯಿಂದ ಜಾರಿತು.

"ಯಾವ ಟೇಪು?"

"ಸುಳ್ಳು ಹೇಳಿದ್ಯೋ, ಈ ಕಟ್ಟು ತಲೆ ಮೇಲೆ ಎತ್ತಿ ಹಾಕ್ತೀನಿ."

"ಎರಡು ವರ್ಷ ಆಗಿತ್ತು," ಎಂದ ನೆಲ ನೋಡುತ್ತ. "ಒಂದು ಕೈಯಲ್ಲಿ ಕಾಗದ ಸರಿ ಮಾಡ್ತಾ, ಇನ್ನೊಂದರಲ್ಲಿ ಒತ್ತಿದರೆ ಬೇಗ ಆಗುತ್ತೆ. ಆಸ್ಪತ್ರೆಯಿಂದಲೇ ಹೇಳಿ ಕೀಳಿಸಿದೆ. ಯಜಮಾನರಿಗೆ ಮೆಷಿನ್ ಕೆಟ್ಟಿತ್ತು ಅಂದೆ."

"ನನಗೂ ಅದನ್ನೇ ಹೇಳಿ ಕಳಿಸಿದೆ! ನನ್ನ ಸಮಾಧಾನಕ್ಕೆ ಹೇಳಿದ್ದೀಯ ಅಂದ್ಕೊಂಡು, ನಾನು ಬೇಗ ಅಂದಿದ್ದಕ್ಕೇ ಆಯ್ತು ಅಂತ ಐದು ತಿಂಗಳು ನೆಟ್ಟಗೆ ಅನ್ನ ತಿಂದಿಲ್ಲ ಕಣೋ ನಾನು!"

ಅವನು ತಲೆಯೆತ್ತಿದ. ಕಣ್ಣು ಅವಳ ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಣ್ಣಿಗೆ ಹರಿದು ಅಲ್ಲೇ ನಿಂತಿತು.

"ನೀನು ಬೇಗ ಅಂದ್ಯಾ? ಆ ಗದ್ದಲದಲ್ಲಿ ನಂಗೇನೂ ಕೇಳಿಸಲಿಲ್ಲ. ಬಾಗಿಲಿಗೆ ಬಂದೆ, ಬಾಯಿ ಆಡಿಸ್ತಿದ್ದೆ. ನಾನು ಸುಮ್ನೆ ನಿನ್ನ ನೋಡ್ತಿದ್ದೆ."

"ನೋಡ್ತಿದ್ನಂತೆ! ಅಲಗಿನ ಕೆಳಗೆ ಕೈ ಇಟ್ಕೊಂಡು ನೋಡೋದಾ? ನಾನೇನು ಓಡಿ ಹೋಗ್ತಿದ್ನಾ?"

"ಓಡಿ ಹೋದ್ಯಲ್ಲ, ಹಿಂದಿನ ಮೆಟ್ಟಿಲಲ್ಲಿ," ಎಂದ ಮೆಲ್ಲಗೆ. "ನನ್ನ ಕೈ ಕಂಡರೆ ಅಸಹ್ಯ ಅಂದುಕೊಂಡೆ."

"ಜೇಬಿಂದ ಕೈ ತೆಗಿ."

ತೆಗೆದ. ಅವಳು ಕಣ್ಣು ಕೀಳದೆ ನೋಡಿದಳು. ಬೆರಳಿದ್ದ ಕಡೆ ನುಣುಪಾದ ಗುಲಾಬಿ ಚರ್ಮ. ಮುಟ್ಟಬೇಕೆನ್ನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಯಜಮಾನರ ಹತ್ತಿರ ಹೋಗಿ ನಿಜ ಹೇಳು. ಈಗ ಅಲ್ಲಿ ನಿಂತಿರೋನಿಗೂ ಹತ್ತು ಬೆರಳಿವೆ, ನಾಳೆ ಅವನೂ ಟೇಪು ಸುತ್ತಿಯಾನು."

"ಕೆಲಸ ಹೋಗಬಹುದು."

"ಹೋಗಲಿ."

"ಹೇಳಿದರೆ... ಅಕ್ಕನಿಗೆ ಹೂಂ ಅಂತೀಯಾ?"

"ಇದೇನು ಸಂತೆಯಾ, ಚೌಕಾಸಿ ಮಾಡೋಕೆ? ನಡಿ!"

ಅವನು ನಡೆದ. ಯಜಮಾನರ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬಲಗೈಯಿಂದಲೇ ಬಾಗಿಲು ತಟ್ಟಿ ಒಳಗೆ ಹೋದ.

ಅವಳ ಕೋಪ ಎಳ್ಳಷ್ಟೂ ಇಳಿದಿರಲಿಲ್ಲ. ಟೇಪಿನ ಮೇಲಿನ ಕೋಪ, ಸುಳ್ಳಿನ ಮೇಲಿನ ಕೋಪ, ಕೇಳಿಸಿಕೊಳ್ಳದೆ ಬರೀ ನೋಡುತ್ತ ನಿಂತ ಆ ಪೆದ್ದುತನದ ಮೇಲಿನ ಕೋಪ. ಇಷ್ಟನ್ನು ಪ್ರೆಸ್ಸಿನ ಮೂಲೆಯಲ್ಲಿ ನಿಂತು ಒಂದು ವಾರದಲ್ಲಿ ತೀರಿಸಲು ಆಗುವುದಿಲ್ಲ. ಅದಕ್ಕೆ ಒಂದು ಅಡುಗೆಮನೆ ಬೇಕು, ಎದುರುಬದುರು ಎರಡು ತಟ್ಟೆ ಬೇಕು, ಬಹಳ ವರ್ಷ ಬೇಕು. ಕೆಲಸ ಹೋದರೂ ಸರಿ, ಉಳಿದರೂ ಸರಿ, ಈ ಜಗಳವನ್ನು ಬೇರೆ ಯಾವ ಹೆಣ್ಣಿಗೂ ಬಿಟ್ಟುಕೊಡುವುದಿಲ್ಲ ಎಂದು ಅವಳು ಅಲ್ಲೇ ಗಟ್ಟಿ ಮಾಡಿಕೊಂಡಳು.

"ಏನು ಮೇಡಂ, ರಾಜಿ ಆಯ್ತಾ?" ಎಂದ ಪಕ್ಕದಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡರ್ ಮಾಮ, ಕನ್ನಡಕದ ಮೇಲಿಂದ ಇಣುಕಿ.

"ನಿಮ್ಮ ಕೆಲಸ ನೋಡ್ಕೊಳ್ಳಿ ಮಾಮ," ಎಂದು ಗದರಿ, ಅವಳು ಮೇಲೆ ಹೋದಳು.