ನೆಗೆಯುವ ಗುಂಡಿ

ದೆವ್ವ ಗಿವ್ವ ನಂಬುವವಳಲ್ಲ ನಾನು. ನಡೆದದ್ದನ್ನಷ್ಟೇ ಹೇಳುತ್ತೇನೆ; ಅದರ ತಲೆಬುಡ ನನಗೂ ಗೊತ್ತಿಲ್ಲ.

ನನ್ನಮ್ಮ ಬಟ್ಟೆ ಹೊಲಿಯುತ್ತಿದ್ದಳು. ನಾನು ಹುಟ್ಟುವ ಮುಂಚಿನಿಂದಲೂ ಅವಳಿಗೆ ವಿಡಿಯೊ ಗೇಮಿನ ಹುಚ್ಚು. ಕೈ ಬಿಡುವಾದರೆ ಸಾಕು, ಅಂಗೈಯಗಲದ ಆ ಗೇಮ್ ಹಿಡಿದು ಕೂರುತ್ತಿದ್ದಳು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ ಕಬ್ಬಿಣದ ಅಂಗುಸ್ತಾನವನ್ನೂ ತೆಗೆಯುತ್ತಿರಲಿಲ್ಲ. ಅದು ಟಿಕ್ ಟಿಕ್ ಎಂದು ಬಡಿದು ಬಡಿದು, ಒತ್ತಿದರೆ ಗೇಮಿನೊಳಗಿನ ಗೊಂಬೆ ನೆಗೆಯುವ ಗುಂಡಿಯ ತುಂಬ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಕರೆದರೆ, "ಇರೇ, ಇದೊಂದು ಲೈಫ್ ಮುಗೀಲಿ" ಅನ್ನುತ್ತಿದ್ದಳು.

ಅವಳು ಹೋದಾಗ ಊದಿದ ಬೆರಳಿನಿಂದ ಅಂಗುಸ್ತಾನ ಬರಲೇ ಇಲ್ಲ. ಅವಳ ಜೊತೆಗೇ ಹೋಯಿತು. ನಾನು ಹೊಸ ಗುಂಡಿ ಹಾಕಿಸಿ ಗೇಮನ್ನು ಮಗಳಿಗೆ ಕೊಟ್ಟೆ.

ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಟಿಕ್ ಟಿಕ್ ಕೇಳಿಸಿತು. ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂತು. ಮಷೀನು ಮಾರಿ ವರ್ಷವಾಗಿತ್ತು. ಓಡಿ ಬಂದರೆ ಮಗಳು ಬರಿಬೆರಳಲ್ಲೇ ಆಡುತ್ತಿದ್ದಳು.

"ಏನೇ ಅದು ಸದ್ದು?"

"ನಾನಲ್ಲಮ್ಮ. ಗೇಮಲ್ಲಿ ಹಳ್ಳ ಬಂದಾಗ ಮಾತ್ರ, ನಾನು ಒತ್ತೋಕೆ ಮುಂಚೇನೇ ಗೊಂಬೆ ನೆಗೆಯುತ್ತೆ."

ಹೊಸ ಗುಂಡಿಯ ತುಂಬ ಗುಳಿ.

ಮೊನ್ನೆ ರಿಪೇರಿಯವನು ಗೊಣಗುತ್ತಲೇ ಮತ್ತೊಂದು ಗುಂಡಿ ಹಾಕಿಕೊಟ್ಟ. ಗೇಮನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಇವತ್ತು ತೆಗೆದು ನೋಡಿದೆ. ಗುಂಡಿಯ ಮೇಲೆ ಹನ್ನೊಂದು ಗುಳಿ.