ಗಾಳಿ ಹೊತ್ತ ಮುನ್ನೂರು ಪಟ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಹೊನ್ನಂಗಿ ಎಂಬ ರಾಜ್ಯವಿತ್ತು. ಅಲ್ಲಿ ಹೊಂಬಾಳೆ ಎಂಬ ಹೆಂಗಸು ಕ್ಯಾಮೆರಾ ಹಿಡಿದು ಜನರ ಪಟ ತೆಗೆಯುತ್ತಿದ್ದಳು. ಆ ಕಾಲಕ್ಕೆ ಕ್ಯಾಮೆರಾ ಎಲ್ಲಿತ್ತು ಎಂದು ಕೇಳಬೇಡಿ, ಹೊನ್ನಂಗಿಯಲ್ಲಿ ಇತ್ತು.

ರಾಜ್ಯದ ಅಂಚಿನ ಕರಿಗೋಟೆಯಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಒಂದು ದಿನ ಅವನು ಸಂತೆಗೆ ಹೊರಟಿದ್ದ ಮುನ್ನೂರು ಜನರನ್ನು ಗೊರವಂಕ ಹಕ್ಕಿಗಳನ್ನಾಗಿ ಮಾಡಿ ಪಂಜರಕ್ಕೆ ಹಾಕಿಕೊಂಡ. ಹೊಂಬಾಳೆಯ ಗಂಡ ಮಾರಪ್ಪನೂ ಅವರಲ್ಲಿ ಒಬ್ಬ. ಹಕ್ಕಿಯನ್ನು ಕಂಡು 'ಇದು ನಮ್ಮದು' ಎಂದು ಹೆಸರು ಹಿಡಿದು ಕರೆದರೆ ಮಾಯೆ ಬಿಡುತ್ತಿತ್ತು. ಆದರೆ ಕೋಟೆಯೊಳಗೆ ಕಾಲಿಟ್ಟವರ ನಾಲಿಗೆಗೆ ಯಾರ ಹೆಸರೂ ಬರುತ್ತಿರಲಿಲ್ಲ. ಪಟ ತೆಗೆದು ತರೋಣವೆಂದು ಹೋದವರ ಕ್ಯಾಮೆರಾ ಬಿಚ್ಚಿ, ಮೆಮೊರಿ ಕಾರ್ಡನ್ನು ಮಾಂತ್ರಿಕ ಗುಳುಂ ಎಂದು ನುಂಗಿಬಿಡುತ್ತಿದ್ದ.

ಹೊಂಬಾಳೆ ಬೆಟ್ಟ ಹತ್ತಿ, ಅದರ ನೆತ್ತಿಯಲ್ಲಿದ್ದುಕೊಂಡು ಗಾಳಿ ಬೀಸುವ ಗಾಳಿಯಜ್ಜಿಯ ಮುಂದೆ ಕೂತು ಅತ್ತಳು. ಅಜ್ಜಿ ಉಗುರಗಲದ ಕಾರ್ಡೊಂದನ್ನು ಅವಳ ಅಂಗೈಯಲ್ಲಿಟ್ಟು, "ಇದನ್ನು ಕ್ಯಾಮೆರಾಕ್ಕೆ ಹಾಕು, ಪಟ ತಾನೇ ಊರು ಸೇರುತ್ತದೆ" ಎಂದಳು.

"ಇದಕ್ಕೆ ತಂತಿ ಎಲ್ಲಿದೆ ಅಜ್ಜಿ?"

"ತಂತಿ ಯಾಕೆ, ನಾನಿಲ್ಲವೇ? ನೀನು ತೆಗೆದ ಪಟವನ್ನೆಲ್ಲ ಹೊತ್ತು ಅರಮನೆಯ ಬಿಳಿಗೋಡೆಗೆ ಮುಟ್ಟಿಸುತ್ತೇನೆ. ಆದರೆ ವಯಸ್ಸಾಯಿತು ಮಗಳೆ, ನನ್ನ ನಡಿಗೆ ನಿಧಾನ. ಕಾರ್ಡಿನ ಹಸಿರು ದೀಪ ಮಿನುಗುವಷ್ಟು ಹೊತ್ತು ಕ್ಯಾಮೆರಾ ಆರಿಸಬೇಡ."

ಹೊಂಬಾಳೆ ಕರಿಗೋಟೆಗೆ ನಡೆದಳು. ಮೊದಲ ಬಾಗಿಲಲ್ಲಿ ಹುಲಿ. "ತಿನ್ನಲೇ, ಬಿಡಲೇ?" ಎಂದಿತು. ಅವಳು ಅದರ ಪಟ ತೆಗೆದು ತೋರಿಸಿದಳು. ಹುಟ್ಟಿದಾಗಿನಿಂದ ತನ್ನ ಮುಖ ಕಾಣದ ಹುಲಿ, "ನಾನು ಇಷ್ಟು ಚೆಂದ ಇದ್ದೀನಾ" ಎನ್ನುತ್ತ ದಾರಿ ಬಿಟ್ಟಿತು. ಎರಡನೆಯ ಬಾಗಿಲಲ್ಲಿ ಹೆಬ್ಬಾವು. "ತಿನ್ನಲೇ, ಬಿಡಲೇ? ತಲೆಯಿಂದ ಬಾಲದವರೆಗೆ ಒಂದೇ ಪಟದಲ್ಲಿ ಹಿಡಿದರೆ ಬಿಡುತ್ತೇನೆ" ಎಂದಿತು. ಹೊಂಬಾಳೆ ಆಲದ ಮರದ ತುದಿಗೇರಿ ಹಿಡಿದಳು. ಮೂರನೆಯ ಬಾಗಿಲಲ್ಲಿ ಕರಡಿ. ಗುಂಡಿ ಒತ್ತಿದಾಗಲೆಲ್ಲ ಅದು ಕಣ್ಣು ಮುಚ್ಚುತ್ತಿತ್ತು. ಹತ್ತು ಸಲ ಸೋತ ಮೇಲೆ ಹೊಂಬಾಳೆ, "ಅಲ್ಲಿ ಮೇಲೆ ಜೇನು ಕಟ್ಟಿದೆಯಲ್ಲ" ಎಂದಳು. ಕರಡಿ ಕಣ್ಣರಳಿಸಿತು, ಪಟ ಬಂತು.

ಒಳಗೆ ಧೂಮಕೇಶ ಬಾಯ್ತುಂಬ ನಕ್ಕ. "ಬಾರಮ್ಮ, ಎಷ್ಟು ಬೇಕೋ ತೆಗೆದುಕೋ. ಹೋಗುವಾಗ ಕಾರ್ಡ್ ಕೊಟ್ಟರೆ ಸಾಕು."

ಅವಳು ಒಂದೊಂದೇ ಹಕ್ಕಿಯ ಪಟ ತೆಗೆದಳು. ಒಂದು ಗೊರವಂಕ ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಮಾರಪ್ಪ ನೋಡುತ್ತಿದ್ದುದೇ ಹಾಗೆ. ಬಾಯಿ ತೆರೆದಳು; ಹೆಸರು ಬರಲಿಲ್ಲ. ಅದರ ಪಟವನ್ನೂ ತೆಗೆದಳು.

ಮುನ್ನೂರೂ ಮುಗಿದಾಗ ಹಸಿರು ದೀಪ ಇನ್ನೂ ಮಿನುಗುತ್ತಲೇ ಇತ್ತು. ಮಾಂತ್ರಿಕ ಕೈ ಚಾಚಿದ.

"ಸ್ವಾಮಿ, ಇಂಥ ಕೋಟೆಯ ಒಡೆಯರು, ತಮ್ಮದೊಂದು ಪಟ ಬೇಡವೇ?"

ಧೂಮಕೇಶ ಉಬ್ಬಿಹೋದ. ಕಿರೀಟ ತರಿಸಿ ಕೂತ. "ಗದ್ದ ತುಸು ಎತ್ತಿ ಸ್ವಾಮಿ. ಅಷ್ಟು ಬೇಡ. ಮೀಸೆ ಒಂದು ಕಡೆ ಇಳಿದಿದೆ ನೋಡಿ. ಎಡಕ್ಕೆ ವಾಲಿ." ಅವಳು ಹೇಳುತ್ತಲೇ ಹೋದಳು, ಗುಂಡಿ ಮಾತ್ರ ಒತ್ತಲಿಲ್ಲ. ಮಾಂತ್ರಿಕನ ಕತ್ತು ಹಿಡಿದುಕೊಂಡಿತು. ಕೊನೆಗೆ ದೀಪ ಆರಿತು.

"ಆಯಿತು ಸ್ವಾಮಿ."

ಅವನು ಕಾರ್ಡ್ ಕಿತ್ತು ನುಂಗಿ ತೇಗಿದ. ಅಷ್ಟರಲ್ಲಿ ಪಂಜರದಲ್ಲಿ ಒಂದು ಹಕ್ಕಿ ಹೆಂಗಸಾಗಿ ಎದ್ದು ನಿಂತಿತು. ಹಿಂದೆಯೇ ಹತ್ತು, ನೂರು ಹಕ್ಕಿಗಳು ಜನರಾದವು, ಪಂಜರ ಬಿರಿಯಿತು. ಮಾರಪ್ಪ ಹೆಂಡತಿಯ ಕೈ ಹಿಡಿದು, "ಅವ್ವ ಕರೆದಂಗಾಯ್ತು" ಎಂದ.

ಒಂದೇ ಒಂದು ಗೊರವಂಕ ಉಳಿಯಿತು. ಧೂಮಕೇಶ ಅದನ್ನು ಮುಷ್ಟಿಯಲ್ಲಿ ಹಿಡಿದ. "ಒಂದು ಹಕ್ಕಿ ಸಾಕು, ನನ್ನ ಕೋಟೆ ನಿಲ್ಲುತ್ತದೆ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಯಾರು ಕರೆಯುತ್ತಾರೆ?"

ಅತ್ತ ಅರಮನೆಯ ಗೋಡೆಯ ಮುಂದೆ ನೆರೆದವರು ಆ ಕೊನೆಯ ಪಟವನ್ನು ತಿರುತಿರುಗಿ ನೋಡಿದರು. ಗುರುತು ಯಾರಿಗೂ ಸಿಗಲಿಲ್ಲ. ಮಡಕೆ ಮಾರುವ ದೊಡ್ಡತಾಯಿ ಎಂಬ ಮುದುಕಿ ಜನರನ್ನು ಸರಿಸಿ ಮುಂದೆ ಬಂದಳು.

"ಯಾರೂ ಕರೆಯದಿದ್ದರೆ ನಾನೇ ಕರೀತೀನಿ. ಇವನು ನನ್ನ ಮಗ. ಹೆಸರು ಸಿದ್ದಲಿಂಗ. ಬಾರೋ ಸಿದ್ದಲಿಂಗ, ಮುದ್ದೆ ಆರಿಹೋಗುತ್ತೆ."

ಮಾಂತ್ರಿಕನ ಮುಷ್ಟಿಯಲ್ಲಿದ್ದ ಹಕ್ಕಿ ನಲವತ್ತು ವರ್ಷದ ಬೊಕ್ಕತಲೆಯ ದಪ್ಪ ಮನುಷ್ಯನಾಯಿತು. ಭಾರ ತಾಳದೆ ಧೂಮಕೇಶ ಮಗುಚಿಬಿದ್ದ. ಕರಿಗೋಟೆ ಹಿಟ್ಟಿನಂತೆ ಉದುರಿತು. ಮಾಯೆಯೆಲ್ಲ ಕಳೆದುಕೊಂಡ ಮಾಂತ್ರಿಕ ಕಿರೀಟ ಬಿಟ್ಟು ಓಡಿದವನು ಮತ್ತೆ ಕಾಣಲಿಲ್ಲ.

ಹೊನ್ನಂಗಿಯಲ್ಲಿ ಅಂದು ಎಲ್ಲರ ಮನೆಯಲ್ಲೂ ಹಬ್ಬ. ಜನ ಅಲ್ಲಿಂದಾಚೆಗೆ ಸುಖವಾಗಿ ಉಂಡುಟ್ಟು ಬಾಳಿದರು. ಸಿದ್ದಲಿಂಗ ಮಾತ್ರ ದಾರಿಯುದ್ದಕ್ಕೂ ಸಿಕ್ಕಸಿಕ್ಕವರನ್ನೆಲ್ಲ, "ನಮ್ಮವ್ವನ ಮನೆ ಯಾವುದು?" ಎಂದು ಕೇಳುತ್ತ ಹೋದ. ಮನೆ ಸಿಕ್ಕಮೇಲೆ ಮೂರು ಮುದ್ದೆ ಉಂಡ.