ಅಳತೆ ತೆಗೆಯದ ಶರ್ಟು

ಅವರು ಮೊದಲು ಕ್ಷಮೆ ಕೇಳಿದ್ದು ನನ್ನನ್ನಲ್ಲ, ನಮ್ಮ ಬೊಂಬೆಯನ್ನು.

ನಾನು ಟೈಲರ್. ಹೊಲಿದ ಬಟ್ಟೆ ತೊಡಿಸಿ ನೋಡಲು ನಮ್ಮ ಅಂಗಡಿಯಲ್ಲಿ ತಲೆಯಿಲ್ಲದ, ಕೈಯಿಲ್ಲದ ಒಂದು ಆಳೆತ್ತರದ ಬೊಂಬೆ ಇದೆ. ಅದರ ಸ್ಟ್ಯಾಂಡು ಮುರಿದಿತ್ತು. ವೆಲ್ಡಿಂಗ್ ಮಾಡಿಸಿ, ಅದನ್ನು ತಬ್ಬಿಕೊಂಡು ಫುಟ್‌ಪಾತಿನಲ್ಲಿ ಬರುತ್ತಿದ್ದೆ. ಎದುರಿನಿಂದ ಒಬ್ಬರು ಎಡಹೆಗಲಿಗೆ ಭಾರದ ಬ್ಯಾಗು ಹಾಕಿಕೊಂಡು, ಮುಖ ಮೇಲೆತ್ತಿ, ಕಟ್ಟಡಗಳ ಮಹಡಿ ನೋಡುತ್ತಾ ಬಂದು ನೇರವಾಗಿ ಬೊಂಬೆಯ ಎದೆಗೆ ಡಿಕ್ಕಿ ಹೊಡೆದರು.

"ಸಾರಿ ಮೇಡಂ, ಸಾರಿ," ಎಂದರು ಬೊಂಬೆಗೆ. ಆಮೇಲೆ ಮೇಡಂಗೆ ತಲೆಯೇ ಇಲ್ಲದ್ದು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಮೇಡಂ ಈ ಕಡೆ ಇದಾರೆ," ಎಂದೆ ಬೊಂಬೆಯ ಹಿಂದಿನಿಂದ. "ಎಲ್ಲಿ ನೋಡ್ಕೊಂಡು ನಡೀತೀರ್ರೀ?"

"ಮೇಲೆ," ಎಂದರು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಅವರು ಲಿಫ್ಟ್ ಮೆಕ್ಯಾನಿಕ್. ಹುಡುಕುತ್ತಿದ್ದದ್ದು ನಮ್ಮ ಕಟ್ಟಡವನ್ನೇ. ನಮ್ಮ ಅಂಗಡಿ ಮೂರನೇ ಮಹಡಿಯಲ್ಲಿ, ಲಿಫ್ಟು ಕೆಟ್ಟು ಕೂತಿತ್ತು. ಬೊಂಬೆಯನ್ನು ಅವರೇ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅಂಗಡಿಯ ಯಜಮಾನರು, ನಾವೆಲ್ಲ ಮಾಸ್ತರು ಎನ್ನುವ ಮುದುಕರು, ಕನ್ನಡಕದ ಮೇಲಿನಿಂದ ನಮ್ಮ ಮೂವರನ್ನೂ ನೋಡಿದರು.

"ಒಂದು ಬೊಂಬೆ ತಗೊಂಡು ಬಾ ಅಂದ್ರೆ ಎರಡು ತಂದಿದೀಯಲ್ಲಮ್ಮ," ಎಂದರು.

ಲಿಫ್ಟು ಹಳೆಯದು, ರಿಪೇರಿ ದಿನಗಟ್ಟಲೆ ಎಳೆಯಿತು. ಸಂಜೆ ನಾನು ಅಂಗಡಿಯಿಂದ ಇಳಿಯುವ ಹೊತ್ತಿಗೆ ಅವರೂ ಕೈ ಒರೆಸಿಕೊಂಡು ಹೊರಡುತ್ತಿದ್ದರು. ಇಬ್ಬರದೂ ಒಂದೇ ಬಸ್‌ಸ್ಟ್ಯಾಂಡು. ಒಂದೇ ರಸ್ತೆಯಲ್ಲಿ ನಾಲ್ಕು ಮಾರು ಹಿಂದೆ ಮುಂದೆ ನಡೆಯುವುದು ಇಬ್ಬರಿಗೂ ಮುಜುಗರವಾಗಿ, ಜೊತೆಯಲ್ಲೇ ನಡೆಯತೊಡಗಿದೆವು. ಅವರ ಎಡಕ್ಕೆ ಬ್ಯಾಗು, ಬಲಕ್ಕೆ ನಾನು. ಅದು ಹಾಗೇ ರೂಢಿಯಾಯಿತು.

ನಾನು ಜನರ ಬೆನ್ನು ನೋಡುತ್ತಾ ನಡೆಯುವವಳು. ಟೈಲರ್‌ಗಳ ಚಟ ಅದು. ಅವರು ಮಹಡಿ ನೋಡುತ್ತಾ ನಡೆಯುವವರು. ಮನಸ್ಸಿನಲ್ಲೇ ಅವರಿಗೆ ಆಕಾಶರಾಯರು ಎಂದು ಹೆಸರಿಟ್ಟೆ. ದಾರಿಯಲ್ಲಿ ಕಂಬ, ಗುಂಡಿ, ಹಣ್ಣಿನ ಗಾಡಿ ಏನು ಬಂದರೂ ಆಕಾಶರಾಯರಿಗೆ ಕಾಣದು. ಬ್ಯಾಗಿನ ಪಟ್ಟಿ ಹಿಡಿದು ಎಳೆದು ದಾರಿಗೆ ತರುವ ಕೆಲಸ ನನ್ನದು. ಎಳೆದಾಗಲೆಲ್ಲ ತಿರುಗಿ ನೋಡಿ, ನಕ್ಕು, ಮತ್ತೆ ಮೇಲೆ ನೋಡುತ್ತಿದ್ದರು.

"ಅಲ್ಲಿ ಏನಿದೆ ಅಂತ ಅಷ್ಟು ನೋಡ್ತೀರಿ?" ಎಂದು ಒಂದು ದಿನ ಕೇಳಿದೆ.

"ಆ ನಾಲ್ಕನೇ ಮಹಡಿ ಬಾಲ್ಕನಿ ನೋಡಿ. ಅಜ್ಜ ಗಿಡಕ್ಕೆ ನೀರು ಹಾಕ್ತಿದಾರಲ್ಲ, ಅದು ಪ್ಲಾಸ್ಟಿಕ್ ಗಿಡ."

"ಇಲ್ಲಿಂದ ಹೇಗ್ರೀ ಗೊತ್ತಾಗುತ್ತೆ?"

"ಆ ಬಿಲ್ಡಿಂಗ್ ಲಿಫ್ಟು ನಾನೇ ನೋಡ್ಕೊಳ್ಳೋದು. ಒಂದು ಸಲ ಕೇಳಿದೆ, ತಾತ, ಇದಕ್ಕೆ ಯಾಕೆ ನೀರು ಅಂತ. ಅಜ್ಜಿ ಇದ್ದಾಗ ಸಂಜೆ ಈ ಹೊತ್ತಿಗೆ ನೀರು ಹಾಕು ಅಂತ ಬೈತಿದ್ರಂತೆ. ಗಿಡ ಒಣಗಿಹೋಯ್ತು, ನೀರು ಹಾಕೋ ಹೊತ್ತು ಮಾತ್ರ ಉಳೀತು ಅಂದ್ರು."

ಅಷ್ಟು ದಿನ ಅದೇ ರಸ್ತೆಯಲ್ಲಿ ಓಡಾಡಿದ್ದೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ನಾನೂ ಸುಮ್ಮನಿರಲಿಲ್ಲ. ಮುಂದೆ ಹೋಗುತ್ತಿದ್ದ ಒಬ್ಬರನ್ನು ತೋರಿಸಿದೆ.

"ಆ ನೀಲಿ ಕೋಟು ನೋಡಿ. ಅದು ಅವರದಲ್ಲ, ಅಣ್ಣಂದೋ ಸ್ನೇಹಿತಂದೋ. ಭುಜದ ಹೊಲಿಗೆ ತೋಳಿಗೆ ಇಳಿದಿದೆ. ಉದ್ದ ಆಗಿದ್ದಕ್ಕೆ ತೋಳು ಮಡಚಿ ಕೈಯಲ್ಲೇ ಹೊಲಿದಿದಾರೆ, ದಾರದ ಬಣ್ಣ ಬೇರೆ. ಇಂಟರ್‌ವ್ಯೂಗೆ ಹೋಗಿ ಬರ್ತಿರಬೇಕು."

ಅವರು ಅಂದು ಮೊದಲ ಸಲ ಮೇಲೆ ನೋಡುವುದು ಬಿಟ್ಟು ಆ ಬೆನ್ನನ್ನೇ ನೋಡುತ್ತಾ ನಡೆದರು. ನೀಲಿ ಕೋಟು ತಿರುವಿನಲ್ಲಿ ಮರೆಯಾದ ಮೇಲೆ, ಯಾರಿಗೂ ಕೇಳಬಾರದೆಂಬಂತೆ, "ಕೆಲಸ ಸಿಗ್ಲಿ," ಎಂದರು. ನನಗೆ ಅವರು ಇಷ್ಟವಾದದ್ದು ಆಗಲೇ. ಗುಟ್ಟೇನಿಲ್ಲ.

ಆ ರಸ್ತೆಯಲ್ಲಿ ಏನೆಲ್ಲ ಇತ್ತು. ಕ್ಷೌರದಂಗಡಿಯ ಬಾಗಿಲಲ್ಲಿ ಮಲಗುವ ನಾಯಿ, ಅದನ್ನು ಎಬ್ಬಿಸದೆ ದಾಟಿ ಒಳಗೆ ಹೋಗುವ ಗಿರಾಕಿಗಳು. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಕಿಟಕಿಗೆ ಹಣೆ ಒತ್ತಿ ನಿದ್ದೆ ಹೋದ ನರ್ಸಮ್ಮ. ಒಂದೇ ಕೊಡೆಯಲ್ಲಿ ಜಗಳವಾಡುತ್ತಾ ಹೋಗುವ ಗಂಡ ಹೆಂಡತಿ, ಜಗಳ ಎಷ್ಟೇ ಜೋರಾದರೂ ಕೊಡೆ ಮಾತ್ರ ಆಕೆಯ ಕಡೆಗೇ ವಾಲಿರುವುದು. ಒಬ್ಬಳೇ ನಡೆಯುವಾಗ ನನಗೆ ಊರಿನ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧ ಅವರ ಕಣ್ಣಲ್ಲಿತ್ತು.

ಲಿಫ್ಟು ಸರಿಹೋಯಿತು. ಇನ್ನು ಮುಗಿಯಿತು ಎಂದುಕೊಂಡು ಮರುದಿನ ಸಂಜೆ ಇಳಿದು ಬಂದರೆ, ಕೆಳಗೆ ಅವರೇ ನಿಂತಿದ್ದರು.

"ಮತ್ತೆ ಕೆಟ್ಟಿತಾ?"

"ಇಲ್ಲ. ಏನೋ ಸದ್ದು ಬರ್ತಿದೆಯೇನೋ ಅಂತ ನೋಡೋಣ ಅಂತ ಬಂದೆ."

"ಎಂಥ ಸದ್ದು?"

"ಕೇಳಿಸ್ತಾ ಇಲ್ಲ. ಅದಕ್ಕೇ ಅನುಮಾನ."

ಆ ಕೇಳಿಸದ ಸದ್ದನ್ನು ಹುಡುಕಿಕೊಂಡು ಅವರು ಸಂಜೆ ಸಂಜೆ ಬಂದರು. ಮಾಸ್ತರು ಒಮ್ಮೆ, "ಲಿಫ್ಟಿಗೆ ಇಷ್ಟು ಆರೈಕೆ ಇದ್ರೆ ನಾವೂ ಲಿಫ್ಟಾಗಿ ಹುಟ್ಟಬೇಕಿತ್ತು," ಎಂದರು. ನಾನು ಕೇಳಿಸದವಳಂತೆ ಗುಂಡಿ ಹಾಕುತ್ತಾ ಕೂತೆ.

ಆಗ ಅಕ್ಕನ ಫೋನು ಬಂತು. ಅಕ್ಕ ಬೇರೆ ಊರಿನಲ್ಲಿದ್ದಾಳೆ, ಅವಳೂ ಟೈಲರೇ. ಸ್ವಂತ ಅಂಗಡಿ ಹಾಕಲು ಜಾಗ ಹಿಡಿದಿದ್ದಳು.

"ಬೋರ್ಡಲ್ಲಿ ನಿನ್ನ ಹೆಸರೂ ಬರೆಸ್ತೀನಿ ಕಣೇ," ಎಂದಳು. "ಎಷ್ಟು ದಿನ ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹಾಕ್ತೀಯ? ಬರ್ತೀಯೋ ಇಲ್ವೋ ಬೇಗ ಹೇಳು. ನೀನು ಬರದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋಬೇಕು."

ಸ್ವಂತ ಅಂಗಡಿ ನಾನು ಚಿಕ್ಕಂದಿನಿಂದ ಕಂಡ ಕನಸು. ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ಸಂಜೆ ನಡೆಯುವಾಗ ಅವರಿಗೆ ಹೇಳಿದೆ. ಹೋಗಬೇಡಿ ಅನ್ನಲಿ ಎಂದು ಒಂದು ಮನಸ್ಸು, ಅಂದರೆ ಏನು ಮಾಡಲಿ ಎಂದು ಇನ್ನೊಂದು ಮನಸ್ಸು.

ಅವರು ಒಮ್ಮೆ ನನ್ನ ಮುಖ ನೋಡಿ ಮತ್ತೆ ಕತ್ತೆತ್ತಿದರು. ಆಮೇಲೆ, "ಒಳ್ಳೇದೇ ಆಯ್ತಲ್ಲ," ಎಂದರು.

ಅಷ್ಟೇ. ಮುಂದೆ ಒಂದು ಕಂಬವಿತ್ತು. ನಾನು ಪಟ್ಟಿ ಹಿಡಿದು ಎಳೆಯಲಿಲ್ಲ. ತಾಗಿಸಿಕೊಂಡು ಹಣೆ ಉಜ್ಜಿಕೊಂಡರು. ನನಗೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಆ ರಾತ್ರಿಯೇ ಅಕ್ಕನಿಗೆ ಬರುತ್ತೇನೆಂದು ಹೇಳಿಬಿಟ್ಟೆ.

ಹೋಗುವ ಮುಂಚೆ ಅವರಿಗೊಂದು ಶರ್ಟು ಹೊಲಿದುಕೊಡಬೇಕು ಅನ್ನಿಸಿತು. ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಾದರೂ ಮಾಡೋಣ ಎಂದು. ತಿಳಿಬೂದು ಬಣ್ಣದ ಬಟ್ಟೆ ಆರಿಸಿ ಕತ್ತರಿ ಹಿಡಿದು ಕೂತೆ.

"ಅಳತೆ ಎಲ್ಲಿ?" ಎಂದರು ಮಾಸ್ತರು.

"ಕಣ್ಣಲ್ಲಿದೆ."

"ಕಣ್ಣಲ್ಲಿ ಬೇರೇನೂ ಇಲ್ಲ ತಾನೆ?"

ನಾನು ಬಟ್ಟೆಗೆ ಕತ್ತರಿ ಹಾಕಿದೆ. ಕಣ್ಣಳತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ಜಂಬವಿತ್ತು. ದಿನಾ ಪಕ್ಕದಲ್ಲಿ ನಡೆದಿದ್ದೆ. ಫುಟ್‌ಪಾತು ಕಿರಿದಾದಲ್ಲಿ ಹಿಂದೆ ಬಿದ್ದು ಬೆನ್ನು ನೋಡಿದ್ದೆ. ಕಣ್ಣು ಮುಚ್ಚಿದರೆ ಆ ಭುಜ, ಆ ಕುತ್ತಿಗೆ, ಆ ತೋಳಿನ ಉದ್ದ ಎಲ್ಲ ಎದುರಿಗೆ ನಿಲ್ಲುತ್ತಿತ್ತು. ಮುಗಿಸಿ, ಇಸ್ತ್ರಿ ಮಾಡಿ, ಕಾಗದ ಸುತ್ತಿ ಕೊಟ್ಟೆ. ಅವರು ತೆಗೆದುಕೊಂಡು, "ಥ್ಯಾಂಕ್ಸ್" ಅಂದು ಬ್ಯಾಗಿನೊಳಗೆ ಜೋಪಾನವಾಗಿ ಇಟ್ಟುಕೊಂಡರು.

ನಾನು ಹೊರಡುವ ದಿನ ಮಧ್ಯಾಹ್ನ ಅಂಗಡಿಗೆ ಬಂದರು. ತಲೆ ಬಾಚಿದ್ದರು. ಮೈಮೇಲೆ ನಾನು ಹೊಲಿದ ಶರ್ಟು. ಹೆಗಲ ಮೇಲೆ ಬ್ಯಾಗಿರಲಿಲ್ಲ, ಅಂದು ರಜೆ ಹಾಕಿದ್ದರಂತೆ.

ನೋಡಿದ ಕೂಡಲೇ ನನ್ನ ಮುಖ ಬಾಡಿತು. ಎಡಭುಜದ ಹತ್ತಿರ ಬಟ್ಟೆ ಮಿಕ್ಕಿ ನೆರಿಗೆ ಬಿದ್ದಿತ್ತು. ಎಡಗಡೆ ಅಂಚು ಎರಡು ಬೆರಳು ಕೆಳಗೆ ಜೋತುಬಿದ್ದಿತ್ತು. ಕೆಲಸ ಕಲಿಯಲು ಬಂದ ಮೊದಲ ವಾರದಲ್ಲೂ ನಾನು ಹಾಗೆ ಹೊಲಿದವಳಲ್ಲ.

"ಬಿಚ್ಚಿ ಕೊಡಿ. ಸರಿಮಾಡ್ತೀನಿ," ಎಂದೆ.

"ಚೆನ್ನಾಗಿದೆಯಲ್ಲ."

"ಏನು ಚೆನ್ನಾಗಿದೆ? ಕನ್ನಡಿ ನೋಡಿ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಕೊಡಿ ಅಂದ್ನಲ್ಲ." ಕೊನೆಗೆ ಕೊಟ್ಟು ಹೋಗುವುದೂ ಹೀಗೆ ಸೊಟ್ಟ ಆಗಬೇಕಿತ್ತೇ.

"ಟ್ರೈನಿಗೆ ಹೊತ್ತಾಗುತ್ತೆ," ಎಂದು ಅವರು ಬಗ್ಗಿ ನನ್ನ ಹೊಲಿಗೆ ಮೆಷಿನ್ನನ್ನು ಎತ್ತಿಕೊಂಡರು. ಅಮ್ಮ ಕೊಟ್ಟ ಕೈಮೆಷಿನ್ನು ಅದು. ಮರದ ಪೆಟ್ಟಿಗೆಯಲ್ಲಿಟ್ಟು ಬೆಲ್ಟು ಬಿಗಿದಿದ್ದೆ. ಕಬ್ಬಿಣದ ಭಾರ. ಬೆಲ್ಟನ್ನು ಅವರು ಎಂದಿನಂತೆ ಎಡಹೆಗಲಿಗೆ ಏರಿಸಿ, ಅದು ಜಾರದಂತೆ ಭುಜ ಎತ್ತಿ ಹಿಡಿದರು.

ಶರ್ಟಿನ ನೆರಿಗೆ ಹೋಯಿತು. ಅಂಚು ಸಮವಾಯಿತು. ಅಷ್ಟು ಅಚ್ಚುಕಟ್ಟಾಗಿ ಕೂತ ಭುಜವನ್ನು ನಾನು ನನ್ನ ಕೆಲಸದಲ್ಲೇ ಬೇರೆಲ್ಲೂ ಕಂಡಿಲ್ಲ.

ಕನ್ನಡಿಯಲ್ಲಿ ಅವರೂ ನೋಡಿದರು, ನಾನೂ ನೋಡಿದೆ. ಮಾಸ್ತರು ಇಬ್ಬರನ್ನೂ ನೋಡಿ, ನೂಲು ತರಬೇಕು ಎಂದು ಗೊಣಗುತ್ತಾ ಎದ್ದು ಹೊರಗೆ ಹೋದರು. ಕಪಾಟಿನ ತುಂಬ ನೂಲಿತ್ತು.

"ನೀವು ನನ್ನ ಅಳತೆ ತೆಗೆದಿದ್ದು ನಡೀವಾಗ," ಎಂದರು ಅವರು ನಿಧಾನವಾಗಿ.

"ನೀವು ನಿಂತಿದ್ದು ಯಾವಾಗ?" ಎಂದೆ. ಆದರೆ ನನ್ನ ಕೆನ್ನೆ ಬಿಸಿಯಾಗಿತ್ತು. ಬ್ಯಾಗಿಲ್ಲದೆ ಈ ಮನುಷ್ಯನನ್ನು ನನ್ನ ಕಣ್ಣು ನೋಡಿಯೇ ಇರಲಿಲ್ಲ. ನನಗೆ ಗೊತ್ತಿದ್ದವರು ನನ್ನ ಎಡಪಕ್ಕದಲ್ಲಿ ನಡೆಯುವವರು ಮಾತ್ರ.

"ನಾನು ಮೇಲೆ ಯಾಕೆ ನೋಡ್ತಿದ್ದೆ ಗೊತ್ತಾ?" ಎಂದರು. "ಮೊದಮೊದಲು ಅಭ್ಯಾಸ. ಆಮೇಲೆ, ಪಕ್ಕಕ್ಕೆ ನೋಡಿದ್ರೆ ನಿಮಗೆ ಸಿಕ್ಕಿಬೀಳ್ತೀನಿ ಅಂತ. ಹೋಗ್ಬೇಡಿ ಅಂತ ಹೇಳೋಕೆ ಆವತ್ತೇ ಬಾಯಿ ತೆರೆದಿದ್ದೆ. ಬೋರ್ಡಲ್ಲಿ ಹೆಸರು ಅಂದ್ರಲ್ಲ, ಆಗ ನಿಮ್ಮ ಮುಖ ನೋಡಿದೆ. ಹೇಗೆ ಹೇಳಲಿ?"

"ಹೇಳಿದ್ರೂ ಹೋಗ್ತಿದ್ದೆ," ಎಂದೆ. ಅದು ನಿಜ. "ಆದ್ರೆ ಹೇಳಬೇಕಿತ್ತು."

"ಇಷ್ಟ ನೀವಂದ್ರೆ. ತುಂಬ."

"ನನಗೂ. ಹಾಗಾದ್ರೆ ನೀವೇ ಬನ್ನಿ. ಆ ಊರಲ್ಲಿ ಜನ ಮೆಟ್ಟಿಲು ಹತ್ತಿಕೊಂಡೇ ಓಡಾಡ್ತಾರಾ? ಲಿಫ್ಟು ಇರಲ್ವಾ?"

"ಕಂಪನಿಯವರನ್ನ ಟ್ರಾನ್ಸ್‌ಫರ್ ಕೇಳಬೇಕು. ಕೊಡ್ತಾರೋ ಇಲ್ವೋ."

"ಕೇಳಿ," ಎಂದೆ.

ಆಟೋ ಹಿಡಿಯಲಿಲ್ಲ. ಸ್ಟೇಷನ್ನಿನವರೆಗೂ ನಡೆದೇ ಹೋದೆವು. ಬಾಲ್ಕನಿಯ ಅಜ್ಜ ಆ ಹೊತ್ತಿಗೆ ಹೊರಗೆ ಬಂದಿರಲಿಲ್ಲ, ಗಿಡ ಮಾತ್ರ ಹಸಿರಾಗಿತ್ತು. ರೈಲಿನಲ್ಲಿ ಮೆಷಿನ್ನು ಇಟ್ಟು ಅವರು ಕೆಳಗಿಳಿದು ಕಿಟಕಿಯ ಹತ್ತಿರ ನಿಂತರು. ಹೆಗಲು ಬರಿದಾಗಿ ಶರ್ಟು ಮತ್ತೆ ಆ ಕಡೆ ಜೋತುಬಿದ್ದಿತ್ತು. ರೈಲು ಹೊರಟಾಗ ಅವರು ಮೇಲೆ ನೋಡಲಿಲ್ಲ, ನನ್ನನ್ನೇ ನೋಡಿದರು. ಜೋತುಬಿದ್ದ ಆ ಅಂಚನ್ನು ನೋಡಿಯೇ ನಾನು ಅತ್ತಿದ್ದು.

ಹೊಸ ಊರಿನಲ್ಲಿ ಕೆಲಸ ಬೇಕಾದಷ್ಟಿತ್ತು. ಬೋರ್ಡಿನಲ್ಲಿ ಅಕ್ಕನ ಹೆಸರಿನ ಪಕ್ಕ ನನ್ನ ಹೆಸರು ಬಂತು, ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಿದ್ದೆ. ಫೋನಿನಲ್ಲಿ ಅವರು ಎದುರಿಗಿದ್ದಾಗಿನದಕ್ಕಿಂತಲೂ ಪೆದ್ದು. "ಟ್ರಾನ್ಸ್‌ಫರ್ ಏನಾಯ್ತು?" ಅಂದರೆ "ಕೇಳಿದೀನಿ" ಅನ್ನುವರು. ತಿಂಗಳುಗಳು ಕಳೆದವು, ಉತ್ತರ ಬದಲಾಗಲಿಲ್ಲ. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಇಲ್ಲ ಎಂಬ ಮಾತು ಕೇಳುವುದಕ್ಕಿಂತ ಅದೇ ವಾಸಿ ಅನ್ನಿಸಿತ್ತು.

"ಯಾಕೇ ಈಚೆಗೆ ಮೇಲೆ ನೋಡ್ಕೊಂಡು ನಡೀತೀಯ?" ಎಂದು ಅಕ್ಕ ಬೈದಳು. ಇಬ್ಬರು ಮೂವರಿಗೆ ಡಿಕ್ಕಿ ಹೊಡೆದಿದ್ದೆ. ಈ ಊರಿನ ಬಾಲ್ಕನಿಗಳಲ್ಲೂ ಏನೇನೋ ಇತ್ತು. ಒಬ್ಬಾಕೆ ಒಣಹಾಕಿದ ಬೆಡ್‌ಶೀಟಿನ ಮರೆಯಲ್ಲಿ ನಿಂತು ಹಾಡು ಹೇಳಿಕೊಳ್ಳುತ್ತಿದ್ದಳು. ನೋಡಿ ಅಂತ ತಿರುಗಿದರೆ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದು ಸಂಜೆ ಗುಂಡಿ, ದಾರ ಕೊಂಡು ಮಾರ್ಕೆಟ್ಟಿನಿಂದ ಅಂಗಡಿಗೆ ಬರುತ್ತಿದ್ದೆ. ಮುಂದೆ ಜನರ ಬೆನ್ನುಗಳು. ಮಾಸಿದ ಹಸಿರು, ಇಸ್ತ್ರಿಯಿಲ್ಲದ ಬಿಳಿ, ಬಿಗಿಯಾದ ಕಪ್ಪು. ಅವುಗಳ ನಡುವೆ ಒಂದು ತಿಳಿಬೂದು.

ಆ ಭುಜದ ಹೊಲಿಗೆ ನನಗೆ ಗೊತ್ತು. ಎಡಹೆಗಲಿಗೆ ಭಾರದ ಬ್ಯಾಗು, ಎತ್ತಿ ಹಿಡಿದ ಭುಜ. ಅಂಚು ಗೆರೆ ಎಳೆದ ಹಾಗೆ ಸಮ. ಮುಖ ಮೇಲಕ್ಕೆ. ನಾಲ್ಕು ಹೆಜ್ಜೆ ಮುಂದೆ ಲೈಟುಕಂಬ.

ಓಡಿದೆ. ಕೈಯ ಪೊಟ್ಟಣ ಬಿದ್ದು ಗುಂಡಿಗಳೆಲ್ಲ ಫುಟ್‌ಪಾತಿನ ಮೇಲೆ ಚೆಲ್ಲಿಹೋದವು. ಬ್ಯಾಗಿನ ಪಟ್ಟಿ ಹಿಡಿದು ಎಳೆದೆ.

"ಎಲ್ಲಿ ನೋಡ್ಕೊಂಡು ನಡೀತೀಯಾ?"

ತಿರುಗಿದರು. ನಗಲು ಹೋದರು, ಆಗಲಿಲ್ಲ, ಕಣ್ಣು ತುಂಬಿತ್ತು. "ಟ್ರಾನ್ಸ್‌ಫರ್ ಕೊಟ್ರು. ಬೋರ್ಡು ಹುಡುಕ್ತಾ ಇದ್ದೆ," ಎಂದರು. "ನಿನ್ನ ಹೆಸರು ಇರೋದು."

"ಅದು ಅಷ್ಟು ಮೇಲಿಲ್ಲ. ನಮ್ಮದು ನೆಲಮಹಡಿ."

ಇಬ್ಬರೂ ಕೂತು ಗುಂಡಿ ಆರಿಸಿದೆವು. ಆಮೇಲೆ ಅವರ ಬಲಪಕ್ಕಕ್ಕೆ ಬಂದು ನಡೆಯತೊಡಗಿದೆ. ಅಂಗಡಿಯವರೆಗೂ ಅವರು ನನ್ನನ್ನೇ ನೋಡುತ್ತಾ ಬಂದರು. ದಾರಿಯ ಕಂಬ, ಗುಂಡಿ ಎಲ್ಲ ನಾನೇ ನೋಡಿಕೊಂಡೆ.